ಹೊನ್ನಯ್ಯನ ಚೀನಾ ಕಷಾಯ

ಹನಕೆರೆಯ ಹೊನ್ನಯ್ಯ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವನು. ಹಳಿಯ ಮೇಲೆ ಬಗ್ಗಿ ಬಗ್ಗಿ ಕೈಕೊಟ್ಟ ಸೊಂಟವನ್ನು ಬೆಂಗಳೂರಿನ ಚೀನಾ ಪದ್ಧತಿಯ ವೈದ್ಯನೊಬ್ಬ ನೆಟ್ಟಗೆ ಮಾಡಿದ. ಸೊಂಟದ ಜೊತೆ ತಲೆಯೂ ನೆಟ್ಟಗಾಗಿ, ನಾಲ್ಕು ವರ್ಷ ಭಾನುವಾರಗಳಲ್ಲಿ ಹೋಗಿ ಆ ವಿದ್ಯೆಯನ್ನೇ ಕಲಿತುಬಂದ. ನಿವೃತ್ತಿಯಾದ ಮೇಲೆ ಜಗಲಿಯಲ್ಲಿ ಕೂತು ನಾಡಿ ಹಿಡಿದ, ನಾಲಿಗೆ ನೋಡಿದ. ನಾಲಿಗೆ ಬೆಳ್ಳಗಿದ್ದರೆ ಮೈಯಲ್ಲಿ ಶೀತ, ಅದಕ್ಕೆ ಶುಂಠಿ, ಚಕ್ಕೆ. ತುದಿ ಕೆಂಪಗಿದ್ದರೆ ಉಷ್ಣ, ಅದಕ್ಕೆ ಸೇವಂತಿಗೆ ಹೂವು.

"ಒಂದು ಬೇರು ರಾಜ, ಒಂದು ಮಂತ್ರಿ, ಒಂದು ಆಳು ಕಣ್ಲಾ," ಎಂದು ಪಕ್ಕದ ಮನೆಯ ಪುಟ್ಟಸ್ವಾಮಿಗೆ ಪಾಠ ಮಾಡುತ್ತಿದ್ದ. "ಜ್ಯೇಷ್ಠಮಧು ಎಲ್ರುನ್ನೂ ರಾಜಿ ಮಾಡ್ಸೋನು. ಅವ್ನಿಲ್ದಿದ್ರೆ ಕಸಾಯನೇ ಇಲ್ಲ."

"ರಾಜಿ ಮಾಡ್ಸೋರ್ನ ನಂಬ್ಕೊಂಡೇ ನಮ್ಮ ಗದ್ದೆ ಓಗಿದ್ದು, ಬುಡಣ್ಣ."

ಊರಿನವರ ನಾಲಿಗೆ ಹೊನ್ನಯ್ಯನಿಗೆ ಚೆನ್ನಾಗಿ ಕಾಣುತ್ತಿತ್ತು; ಅದು ನುಂಗಿಕೊಂಡ ಮಾತು ಕಾಣುತ್ತಿರಲಿಲ್ಲ. ಇವನ ಮುಂದೆ ಮಾತ್ರೆಯ ಸುದ್ದಿ ಎತ್ತುವುದಿಲ್ಲ, ಡಾಕ್ಟರ ಮುಂದೆ ಕಷಾಯದ ಸುದ್ದಿ ಎತ್ತುವುದಿಲ್ಲ. ಇಬ್ಬರ ಮನಸ್ಸನ್ನೂ ನೋಯಿಸದಿರುವುದು ನಮ್ಮ ಕಡೆಯ ಮರ್ಯಾದೆ.

ಅವನ ಹೆಂಡತಿ ಇಂದ್ರಮ್ಮನೂ ಮರ್ಯಾದೆಯವಳೇ. ಒಣಕೆಮ್ಮಿಗೆ ಗಂಡ ಜ್ಯೇಷ್ಠಮಧು ಹಾಕಿ ಕಾಸಿಕೊಟ್ಟ ಸಿಹಿ ಕಷಾಯವನ್ನು ಆರು ತಿಂಗಳು ಮೂರು ಹೊತ್ತೂ ಕುಡಿದಳು. ಬಿ.ಪಿ.ಗೆ ಮಂಡ್ಯದ ಡಾಕ್ಟರು ಬರೆದಿದ್ದ, ಮೈನೀರು ಇಳಿಸುವ ಮಾತ್ರೆಯನ್ನು ರಾಗಿ ಡಬ್ಬದಲ್ಲಿಟ್ಟು ಕದ್ದು ನುಂಗಿದಳು.

ಆಷಾಢದಲ್ಲಿ ಅವಳ ಕಾಲು ಸೋತವು.

"ಮೆಟ್ಲು ಅತ್ತಕ್ಕಾಯ್ತಿಲ್ಲ ಕಣ್ರೀ. ಎದೆ ಡವಡವ ಅಂತದೆ."

ನಾಡಿ ಎಡವಿ ಎಡವಿ ಓಡುತ್ತಿತ್ತು. ಇಂಥ ನಾಡಿಗೆ ಜೇನಿನಲ್ಲಿ ಹುರಿದ ಜ್ಯೇಷ್ಠಮಧುವನ್ನೇ ರಾಜನಾಗಿ ಕೂರಿಸಬೇಕೆಂದು ಅವನು ಕಲಿತಿದ್ದ.

"ಬ್ಯಾರೆ ಏನಾರ ತಗತಿದ್ದೀಯಾ?"

"ಮನೇಲೇ ವೈದ್ಯರ್ನ ಇಟ್ಕಂಡು ನಾನ್ಯಾಕೆ ತಗಳ್ಳಿ?"

ಹೊನ್ನಯ್ಯ ರಾಜನನ್ನು ಕೂರಿಸಿದ. ನಾಲ್ಕನೇ ದಿನ ಬೆಳಿಗ್ಗೆ ಇಂದ್ರಮ್ಮ ಬಚ್ಚಲ ಬಾಗಿಲಲ್ಲಿ ಕುಸಿದಳು.

ಮಂಡ್ಯದ ಆಸ್ಪತ್ರೆಯಲ್ಲಿ, ಇಂದ್ರಮ್ಮನನ್ನು ಹಿಂದೆಂದೂ ನೋಡಿರದ ಡಾಕ್ಟರ್ ವೀಣ ಕೇಳಿದಳು: "ರಕ್ತದಲ್ಲಿ ಪೊಟ್ಯಾಶಿಯಂ ತೀರಾ ಇಳಿದಿದೆ. ನಾಟಿ ಔಷಧಿ ಏನಾದ್ರೂ ಕೊಟ್ಟಿದ್ರಾ ಯಜಮಾನ್ರೇ?"

ಸುತ್ತ ನರ್ಸುಗಳು ನಿಂತಿದ್ದರು. "ಏನೂ ಇಲ್ಲ ಕಣಮ್ಮ," ಎಂದ ಹೊನ್ನಯ್ಯ.

ಬಾಟಲಿಯ ಮೇಲೆ ಬಾಟಲಿ ಏರಿಸಿದರೂ ಇಳಿದದ್ದು ಏರಲಿಲ್ಲ. ಆಸ್ಪತ್ರೆಗೆ ಬೇಕಾದ ಆಧಾರ್ ಕಾರ್ಡನ್ನು ಮನೆಯಲ್ಲಿ ಹುಡುಕುತ್ತ ರಾಗಿ ಡಬ್ಬಕ್ಕೆ ಕೈಹಾಕಿದ್ದ ಮಗಳು ರಂಜಿತ ಸಂಜೆ ಮಾತ್ರೆಗಳನ್ನು ತಂದು ಅಪ್ಪನ ಕೈಯಲ್ಲಿಟ್ಟಳು.

"ನೀನು ಬೇಜಾರ್ ಮಾಡ್ಕತೀಯ ಅಂತ ಅವ್ವ ಬಚ್ಚಿಟ್ಟವ್ಳೆ."

ಹೊನ್ನಯ್ಯ ಅವನ್ನು ಹಿಡಿದು ಡಾಕ್ಟರ ಮೇಜಿನ ಮುಂದೆ ನಿಂತು, ಕಷಾಯದ ಬೇರುಗಳ ಹೆಸರನ್ನು ಒಂದೊಂದಾಗಿ ಹೇಳಿದ. ಜ್ಯೇಷ್ಠಮಧು ಎಂದಾಗ ವೀಣಳ ಪೆನ್ನು ನಿಂತಿತು.

"ಅದೂ ಪೊಟ್ಯಾಶಿಯಂ ಕಳೆಯುತ್ತೆ, ಈ ಮಾತ್ರೇನೂ ಕಳೆಯುತ್ತೆ."

"ನಾನು ಬೆಳಿಗ್ಗೇನೇ ಯೋಳಿದ್ರೆ?"

ವೀಣ ಮತ್ತೆ ಬರೆಯತೊಡಗಿದಳು. "ಮಗಳನ್ನ ಒಳಗೆ ಕರೀರಿ," ಎಂದಳು.

ಇಂದ್ರಮ್ಮ ಮಾರನೆಯ ಮಧ್ಯಾಹ್ನ ತೀರಿಕೊಂಡಳು.

ಹೊನ್ನಯ್ಯ ಈಗಲೂ ಜಗಲಿಯಲ್ಲಿ ಕೂರುತ್ತಾನೆ. ನಾಡಿ ಮುಟ್ಟುವ ಮೊದಲೇ ಮಾತ್ರೆಯ ವಿಚಾರ ಕೇಳುತ್ತಾನೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಇಲ್ಲ ಎಂದವರಿಗೆ ಅವನು ಕಷಾಯ ಕೊಡುವುದಿಲ್ಲ.