ಬನಹಟ್ಟಿಯ ಹದಿನಾರು ಮಗ್ಗಗಳು

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಹುಬ್ಬಳ್ಳಿಯಲ್ಲಿ ಜಮಖಂಡಿ ಬಸ್ಸು ಹತ್ತಿದೆ. ಬಟ್ಟೆಯ ಚೀಲವನ್ನು ಮೇಲಿಟ್ಟು, ಮೀಟರುಗಳಿದ್ದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಾರ್ಖಾನೆಗಳಲ್ಲಿ ವಿದ್ಯುತ್ತು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಿ ಹೇಳುವುದು ನನ್ನ ಉದ್ಯೋಗ. ಅಲ್ಲಿಯವರೆಗೆ ದೊಡ್ಡ ಮಿಲ್ಲುಗಳನ್ನಷ್ಟೇ ನೋಡಿದ್ದೆ. ಈ ಸಲ ಕರೆದವರು ಬನಹಟ್ಟಿಯಲ್ಲಿ ಹದಿನಾರು ಪವರ್‌ಲೂಮ್ ಇಟ್ಟುಕೊಂಡಿದ್ದ ಮಹಾದೇವಿ ಎಂಬ ಹೆಣ್ಣುಮಗಳು.

"ಹದಿನಾರೂ ಒಮ್ಮೆಲೆ ಹಚ್ಚಿದ್ರ ಮೇನ್ ಫ್ಯೂಜ್ ಸುಡತೈತ್ರಿ ಅಕ್ಕಾರ" ಎಂದು ಅವರು ಫೋನಿನಲ್ಲಿ ಹೇಳಿದ್ದರು. "ನಾಕು ಮಗ್ಗ ತಗದಬಿಡ್ರಿ ಅಂತಾನ ವಾಯರ್‌ಮನ್. ನಾಕು ಮಗ್ಗ ಅಂದ್ರ ಎರಡು ಮನಿ ಒಲಿ. ಶನಿವಾರದೊಳಗ ಏನರ ಒಂದು ಹೇಳ್ರಿ."

ಲೋಕಾಪುರದಲ್ಲಿ ಚಹಾಕ್ಕೆ ಹತ್ತು ನಿಮಿಷ ನಿಂತರು. ಮುಧೋಳ ದಾಟಿದ ಮೇಲೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಜಮಖಂಡಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಂದ ಇನ್ನೊಂದು ಬಸ್ಸು. ಬನಹಟ್ಟಿಯಲ್ಲಿ ಇಳಿದಾಗ ಎಲ್ಲ ಓಣಿಗಳಿಂದಲೂ ಮಗ್ಗದ ಸದ್ದು ಬರುತ್ತಿತ್ತು. ದಾರಿ ಕೇಳಬೇಕಾದರೆ ಕಿವಿಯ ಹತ್ತಿರ ಹೋಗಿ ಕೂಗಬೇಕು.

ಮಹಾದೇವಿ ರೊಟ್ಟಿ, ಜುಣಕ ಹಾಕಿ, ನಾನು ಉಂಡು ಮುಗಿಸುವವರೆಗೆ ಕೆಲಸದ ಮಾತೆತ್ತಲಿಲ್ಲ. ಅವರ ತವರೂ ಗಂಡನ ಮನೆಯೂ ಬೀಳಗಿ ತಾಲೂಕಿನ ಒಂದೇ ಊರಿನಲ್ಲಿದ್ದವು. ಆ ಊರು ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಪರಿಹಾರದಲ್ಲಿ ಗಂಡ ಹೆಂಡತಿ ಮಗ್ಗ ಕೊಂಡರು. ಎರಡು ವರ್ಷಕ್ಕೆ ಗಂಡ ತೀರಿಕೊಂಡರು. "ಭೂಮಿ ನೀರಾಗ ಹೋತು. ಮಗ್ಗ ಕರೆಂಟಿನಾಗ ಹೋಗಬಾರದ್ರಿ" ಎಂದರು.

ಶೆಡ್ಡಿನೊಳಗೆ ನನ್ನನ್ನು ತಡೆದವನು ಈರಪ್ಪ. ಐವತ್ತೈದು ದಾಟಿದ ನೇಕಾರ. ಮೂಲೆಯಲ್ಲಿದ್ದ ಎಲ್ಲಕ್ಕಿಂತ ಹಳೆಯ ನಾಲ್ಕು ಮಗ್ಗಗಳಲ್ಲಿ ಎರಡನ್ನು ನಡೆಸುವವನು ಅವನು. ನಾನು ಮೀಟರು ತೆಗೆಯುತ್ತಲೇ ಮೋಟಾರಿಗೆ ಅಡ್ಡ ನಿಂತ.

"ಇವು ಬಾಳ ಕರೆಂಟ್ ತಿಂತಾವ ಅಂತ ಬರಕೊಂಡು ಹೋಗಾಕ ಬಂದೀರೇನ್ರಿ? ಹಂಗಿದ್ರ ಮುಟ್ಟಬ್ಯಾಡ್ರಿ."

ಏನು ಹೇಳಿದರೂ ಕೇಳಲಿಲ್ಲ. ಆ ದಿನ ಅವನ ಎರಡು ಮಗ್ಗ ಬಿಟ್ಟು ಉಳಿದ ಹದಿನಾಲ್ಕನ್ನು ಅಳೆದೆ. ನೇಯುವಾಗ ಒಮ್ಮೆ, ಸುಮ್ಮನೆ ತಿರುಗುವಾಗ ಒಮ್ಮೆ. ಎರಡಕ್ಕೂ ಹೆಚ್ಚು ಅಂತರವಿರಲಿಲ್ಲ. ಕೆಲಸವಿಲ್ಲದ ಮೋಟಾರೂ ಹೊಟ್ಟೆ ತುಂಬ ಕರೆಂಟು ಎಳೆಯುತ್ತಿತ್ತು. ದೋಷ ಒಂದೆರಡು ಮೋಟಾರಿನದಲ್ಲ, ಇಡೀ ಶೆಡ್ಡಿನದು ಎಂಬ ಅನುಮಾನ ಹುಟ್ಟಿದ್ದು ಆಗ.

ಮಂಗಳವಾರ ಬೆಳಿಗ್ಗೆ ಮೇನ್ ಬೋರ್ಡಿನ ಪಕ್ಕದ ತಗಡಿನ ಡಬ್ಬಿಗೆ ಕೈ ಹಾಕಿದೆ. ಕೆಪಾಸಿಟರ್ ಡಬ್ಬಿ. ಪ್ರತಿ ಶುಕ್ರವಾರ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ತೆರೆದವರು ಮಾತ್ರ ಯಾರೂ ಇರಲಿಲ್ಲ. ಮೂರು ತಂತಿಗೂ ಮೀಟರು ಕಚ್ಚಿಸಿದೆ. ಸೊನ್ನೆ, ಸೊನ್ನೆ, ಸೊನ್ನೆ. ವಾಯರ್‌ಮನ್ ಮೇನ್ ಇಳಿಸಿ ಮುಚ್ಚಳ ಬಿಚ್ಚಿದ. ಒಳಗೆ ಉಬ್ಬಿ, ಸುಟ್ಟು, ಕರ್ರಗಾಗಿತ್ತು.

ಎಲ್ಲರೂ ಸುತ್ತ ನೆರೆದರು. ನಾನು ಈರಪ್ಪನ ಕಡೆಗೇ ತಿರುಗಿ ಹೇಳಿದೆ: "ಮೋಟಾರು ಎಳೆಯುವ ಕರೆಂಟಿನಲ್ಲಿ ಒಂದು ಪಾಲು ದುಡಿಯುತ್ತದೆ. ಇನ್ನೊಂದು ಪಾಲು ಸುಮ್ಮನೆ ಹೋಗಿ ಬಂದು ಮಾಡುತ್ತದೆ. ಅದೂ ಬೇಕು. ಆದರೆ ಅದನ್ನು ಈ ಡಬ್ಬಿ ಇಲ್ಲೇ ಒದಗಿಸಬೇಕು. ಇದು ಸತ್ತಿದ್ದರಿಂದ ಎರಡೂ ಪಾಲು ಫ್ಯೂಜಿನ ಮೂಲಕವೇ ಬರುತ್ತಿವೆ."

ಅವನು ಬಗ್ಗಿ ಡಬ್ಬಿಯೊಳಗೆ ಇಣುಕಿದ. "ಅಂದ್ರ ತಪ್ಪು ನನ್ನ ಮಗ್ಗದ್ದಲ್ಲ?"

"ಅಲ್ಲ. ಆದರೆ ಅಳೆಯಲು ಬಿಟ್ಟರೆ ತಾನೆ ಅದನ್ನು ಖಾತ್ರಿಯಾಗಿ ಹೇಳುವುದು?"

ಅಡ್ಡ ನಿಂತಿದ್ದವನು ಸರಿದ. ಅವನ ಮೋಟಾರುಗಳು ಉಳಿದವುಗಳಂತೆಯೇ ಇದ್ದವು. ಬೆಲ್ಟು ಮಾತ್ರ ಸಡಿಲವಾಗಿ ಜಾರುತ್ತಿತ್ತು. ನಾನು ಹೇಳುವ ಮೊದಲೇ ನಟ್ಟು ತಿರುಗಿಸುವ ಪಾನಾ ತಂದು ಬಿಗಿದ. ಆಮೇಲೆ ಉಳಿದ ಹದಿನಾಲ್ಕರ ಬೆಲ್ಟುಗಳನ್ನೂ ಒಂದೊಂದಾಗಿ ಒತ್ತಿ ನೋಡುತ್ತ ಹೋದ. ಏಳು ಸಡಿಲ ಸಿಕ್ಕವು. ಮಹಾದೇವಿ ಏಣಿ ಹಾಕಿಸಿ, ಹತ್ತಿಯ ಧೂಳು ಮೆತ್ತಿ ಕುರುಡಾಗಿದ್ದ ಚಾವಣಿಯ ಬೆಳಕಿನ ಗಾಜುಗಳನ್ನು ತೊಳೆಸಿದರು. ಬೆಳಕು ಧಾರೆಯಾಗಿ ಒಳಗೆ ಬಿತ್ತು. ಹಗಲಿಡೀ ಉರಿಯುತ್ತಿದ್ದ ದೀಪಗಳಲ್ಲಿ ಅರ್ಧದಷ್ಟನ್ನು ಆರಿಸಿದೆವು.

ಬೇಕಾದ ಅಳತೆಯ ಕೆಪಾಸಿಟರ್ ಬನಹಟ್ಟಿಯಲ್ಲಿ ಸಿಗಲಿಲ್ಲ. ಬುಧವಾರ ಈರಪ್ಪನೇ ನನ್ನೊಡನೆ ಜಮಖಂಡಿಗೆ ಹೊರಟ. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಮರಳಿ ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ನಿಂತೇ ಬಂದ ಈರಪ್ಪ ಅರ್ಧ ದಾರಿಯಲ್ಲಿ ಹೇಳಿದ: "ಮೊನ್ನೆ ನಿಮಗ ಒರಟು ಮಾತಾಡಿದ್ನಿ. ಮುವ್ವತ್ತು ವರ್ಷ ನೇಯ್ದೇನ್ರಿ. ಮಗ್ಗ ಬಿಟ್ಟ ಮ್ಯಾಲ ಈ ಕೈ ಏನ ಮಾಡಬೇಕು ಅನ್ನೂದ ತಿಳಿದಿರಲಿಲ್ಲ."

ಮಧ್ಯಾಹ್ನ ಮೂರಕ್ಕೆ ವಾಯರ್‌ಮನ್ ಹೊಸದನ್ನು ಜೋಡಿಸಿ ಮೇನ್ ಎತ್ತಿದ. ಒಂದೊಂದೇ ಮಗ್ಗ ಶುರು ಮಾಡಿದರು. ನಾನು ಮೇನಿನ ತಂತಿಗೆ ಮೀಟರು ಹಿಡಿದು ನಿಂತಿದ್ದೆ. ಹನ್ನೆರಡರವರೆಗೆ ಯಾರಿಗೂ ಭಯವಿರಲಿಲ್ಲ. ಹದಿಮೂರು. ಹದಿನಾಲ್ಕು. ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡರು. ಹದಿನೈದು. ಕೊನೆಯದು ಈರಪ್ಪನದು. ಅವನು ಹಿಡಿ ಎಳೆದ. ಹದಿನಾರೂ ಏಕಕಾಲಕ್ಕೆ ಗುಡುಗಿದವು. ಮೀಟರಿನ ಅಂಕಿ ಒಮ್ಮೆ ಏರಿ ಇಳಿದು ನಿಂತಿತು. ಹನ್ನೆರಡು ಮಗ್ಗಕ್ಕೆ ಮೊದಲು ಬರುತ್ತಿದ್ದುದಕ್ಕಿಂತ ಕೆಳಗೆ. ಒಂದು ತಾಸು ಕಾದೆವು. ಫ್ಯೂಜು ಬಿಸಿಯಾಗಲೂ ಇಲ್ಲ. ಆ ಸದ್ದಿನಲ್ಲಿ ಮಹಾದೇವಿ ಏನೋ ಕೂಗಿದರು. ನನಗೆ ಕೇಳಿಸಲಿಲ್ಲ, ಮುಖ ನೋಡಿದರೆ ಸಾಕಾಗಿತ್ತು.

ಗುರುವಾರ ಊಟ ಮುಗಿಸಿ, ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಹಿಡಿದು ಆಟೋ ಹತ್ತಿದೆ. ಓಣಿಯ ತಿರುವಿನಲ್ಲಿ ಬೇರೊಬ್ಬರ ಶೆಡ್ಡಿನ ಮುಂದೆ ಜನ ಸೇರಿದ್ದರು. ನನ್ನನ್ನೇ ಕರೆಯಬಹುದೆಂದುಕೊಂಡು ಆಟೋ ನಿಲ್ಲಿಸಲು ಹೇಳಿದೆ. ಒಳಗೆ ನಡುವೆ ನಿಂತಿದ್ದವನು ಈರಪ್ಪ. ಕೈಯಲ್ಲಿ ಪಾನಾ ಹಿಡಿದು ಆ ಶೆಡ್ಡಿನ ಮಾಲೀಕನಿಗೆ ಹೇಳುತ್ತಿದ್ದ: "ಮೋಟಾರ್ ಬದಲಿ ಮಾಡೂ ಮಾತು ಆಮ್ಯಾಲ. ಮೊದಲ ವಾಯರ್‌ಮನ್ನ ಕರಸು, ಮೇನ್ ಇಳಸು, ಆ ಡಬ್ಬಿ ತಗಸು. ತೋರಸ್ತೇನಿ ಬಾ."

ನಾನು ಇಳಿಯುವ ಅಗತ್ಯವೇ ಇರಲಿಲ್ಲ. ಆಟೋದವನಿಗೆ ಬಸ್ ಸ್ಟ್ಯಾಂಡಿಗೆ ನಡೆ ಎಂದೆ.