ಗಾಳೆಪ್ಪ ಮಾಸ್ತರರ ದೂರದ ಓಟ

ಮಸ್ಕಿ ಹೈಸ್ಕೂಲಿನ ಪಿ.ಟಿ. ಮಾಸ್ತರ ಗಾಳೆಪ್ಪನವರಿಗೆ ನಡೆಯಲು ಬರುತ್ತಿರಲಿಲ್ಲ, ಓಡಲಷ್ಟೇ ಬರುತ್ತಿತ್ತು. ಚಹಾಪುಡಿ ತರಲೂ ಓಡುವರು, ಮದುವೆ ಊಟಕ್ಕೂ ಓಡುವರು. ಬೆಳಿಗ್ಗೆ ಪಾಮನಕಲ್ಲೂರಿನ ದಾರಿಯಲ್ಲಿ ಅವರನ್ನು ಕಂಡವರು, "ಯಾರರ ತೀರಿಕೊಂಡ್ರೇನ್ರಿ ಮಾಸ್ತರ?" ಎಂದು ಗಾಬರಿಯಾಗುತ್ತಿದ್ದರು. ಕಾಲು ಉಳುಕಿದರೂ, ಜ್ವರ ಬಂದರೂ ಅವರದು ಒಂದೇ ಮಾತು: "ಏನೂ ಆಗಿಲ್ರೀ, ಆರಾಮದೀನಿ." ತೊಂಬತ್ತೆರಡರ ಚಳಿಗಾಲದಲ್ಲಿ ಇವರು ಲಿಂಗಸುಗೂರಿನಿಂದ ಸಿಂಧನೂರಿನವರೆಗೆ, ಐವತ್ತು ಕಿಲೋಮೀಟರಿಗೂ ಮೀರಿದ ದಾರಿಯನ್ನು ಒಂದೇ ದಿನ ಓಡಿ ಮುಗಿಸಲು ಹೊರಟರು. ಅದು ಪಂದ್ಯವಲ್ಲ, ಬಹುಮಾನವೂ ಇರಲಿಲ್ಲ. ವಯಸ್ಸು ಐವತ್ತು ದಾಟಿತ್ತು. ಕಾಲು ಸೋಲುವ ಮೊದಲು ಅಷ್ಟು ದೂರ ಓಡಲಾಗುತ್ತದೋ ಇಲ್ಲವೋ ಒಮ್ಮೆ ನೋಡಬೇಕಿತ್ತು, ಅಷ್ಟೇ. ನಡುದಾರಿಯ ಮಸ್ಕಿಗೆ ಬರುವಷ್ಟರಲ್ಲಿ ಬೂಟಿನೊಳಗೆ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ರಸ್ತೆ ಪಕ್ಕದ ಮನೆ ಬಾಗಿಲಲ್ಲಿ ಹೆಂಡತಿ ಗದ್ದೆಮ್ಮ ಮಜ್ಜಿಗೆ ಹಿಡಿದು ನಿಂತಿದ್ದರು. ಮಾಸ್ತರರು ಅದನ್ನು ಕುಡಿದು ಮನೆಯ ಕಟ್ಟೆಯ ಕಡೆ ಆಸೆಯಿಂದ ನೋಡಿದರು, ಕೂಡಲಿಲ್ಲ. "ಕುಂತ್ರ ಏಳಾಕ ಆಗಂಗಿಲ್ಲ" ಎಂದರು. ಆಕೆ ತಡೆಯಲಿಲ್ಲ. "ನಾ ಬಸ್ಸಿಗೆ ಮುಂದ ಹೋಗಿರ್ತೀನಿ, ನೀವು ಬರ್ರಿ" ಎಂದರು. ಅಲ್ಲಿಂದ ಮುಂದೆ ಅದು ಓಟವಾಗಿ ಉಳಿಯಲಿಲ್ಲ; ತೊಡೆ ಕಲ್ಲಾಯಿತು, ವಾಂತಿಯಾಯಿತು, ಒಂದು ಜಾಲಿಗಿಡದಿಂದ ಇನ್ನೊಂದು ಜಾಲಿಗಿಡಕ್ಕೆ ಕಾಲೆಳೆಯುವುದಷ್ಟೇ ಉಳಿಯಿತು. ಹೊತ್ತು ಮುಳುಗುವಾಗ ಸಿಂಧನೂರಿನ ಬಸ್ ಸ್ಟ್ಯಾಂಡು ಮುಟ್ಟಿದರು. ಯಾರೂ ತಿರುಗಿ ನೋಡಲಿಲ್ಲ. ಗದ್ದೆಮ್ಮ ಅವರನ್ನು ಕಲ್ಲುಬೆಂಚಿನ ಮೇಲೆ ಕೂಡಿಸಿ, ಸೆರಗಿನಿಂದ ಮುಖ ಒರೆಸಿ, ಬೂಟು ಬಿಚ್ಚತೊಡಗಿದರು. ಮಾಸ್ತರರ ತುಟಿ ಅದುರುವುದನ್ನು ಕಂಡು ಮೆಲ್ಲಗೆ ಅಂದರು: "ಅಳ್ರಿ. ಇಲ್ಲಿ ನಮ್ಮೂರವ್ರು ಯಾರೂ ಇಲ್ಲ."