ಲೀಟರ್ ಕೇಳುವ ಗಿರಾಕಿ

ಗಲ್ಫಿನ ಈ ಅಲ್ ಹೈಲ್‌ನಲ್ಲಿ ಅಹ್ಮದ್ ಬ್ಯಾರಿಯವರಷ್ಟು ಸಂಶಯದ ಪ್ರಾಣಿ ಇನ್ನೊಂದಿಲ್ಲ. ಇದ್ದರೆ ಅದು ನಾನೇ. ಹಾಗಾಗಿ ಅವರ ಕಥೆ ಹೇಳುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ಅವರ ಊರು ಉಪ್ಪಿನಂಗಡಿ. ಇಪ್ಪತ್ತೆಂಟು ವರ್ಷದಿಂದ ಇಲ್ಲಿ ಒಂದು ಪಾತ್ರೆ ಅಂಗಡಿಯಲ್ಲಿದ್ದಾರೆ. ಹಿಂದೊಮ್ಮೆ ಯಾವುದೋ ಕೂಲಿಯವರ ಕ್ಯಾಂಪಿನಲ್ಲಿ ಕದ್ದು ಸಾರಾಯಿ ಕಾಯಿಸುತ್ತಿದ್ದವರು ಸಿಕ್ಕಿಬಿದ್ದರು. ಅವರ ಪಾತ್ರೆಯ ಮೇಲೆ ಈ ಅಂಗಡಿಯ ಚೀಟಿ ಇತ್ತು. ಅಹ್ಮದ್ ಬ್ಯಾರಿಗಳನ್ನು ಅರ್ಧ ದಿನ ಪೊಲೀಸ್ ಠಾಣೆಯಲ್ಲಿ ಕೂರಿಸಿದರು. ವೀಸಾ ಕೊಟ್ಟ ಅರಬಿ ಯಜಮಾನ, ಅಂದರೆ ಕಫೀಲ್, ಬಂದು ಬಿಡಿಸಿಕೊಂಡು ಹೋದನಂತೆ, ಆದರೆ ದಾರಿಯುದ್ದಕ್ಕೂ ಬೈದನಂತೆ. ಅಂದಿನಿಂದ ದೊಡ್ಡ ಪಾತ್ರೆ ಕೇಳಿದವರ ಜಾತಕ ನೋಡದೆ ಅವರು ಕಪಾಟಿನಿಂದ ಇಳಿಸುವುದಿಲ್ಲ.

ಅವರದ್ದೊಂದು ಲೆಕ್ಕವಿದೆ. ಅಡುಗೆಯವರು ಬಂದರೆ ‘ಎಷ್ಟು ಕಿಲೋ ಅಕ್ಕಿ ಬೇಯ್ತದೆ?’ ಎಂದು ಕೇಳುತ್ತಾರೆ. ಲೀಟರ್ ಕೇಳುವವನು ಅಕ್ಕಿ ಬೇಯಿಸುವವನಲ್ಲ.

ನಾನು ಹೋಗಿ ಕೇಳಿದ್ದೇ ಲೀಟರ್.

ನನ್ನ ಯಜಮಾನರು ಸೇಸಪ್ಪ ಕುಡಿತ ಬಿಟ್ಟು ಆಗ ಎಂಟು ತಿಂಗಳಾಗಿತ್ತು. ಲಿವರ್ ಹೀಗೇ ಆದರೆ ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಬಿಟ್ಟರು, ನಿಜ. ಆದರೆ ಶುಕ್ರವಾರ ಸಂಜೆಯಾದರೆ ಮನೆಯೊಳಗೆ ಬೋನಿಗೆ ಬಿದ್ದವರ ಹಾಗೆ ತಿರುಗುತ್ತಿದ್ದರು. ಹೊರಗೆ ಹೋಗಿ ಬಂದರೆ ಸಾಕು, ಚಪ್ಪಲಿ ಬಿಡುವ ಮೊದಲೇ ನಾನು ಹತ್ತಿರ ಹೋಗಿ ಬಾಯಿ ಮೂಸುತ್ತಿದ್ದೆ. ಅವರಿಗೆ ಅವಮಾನವಾಗುತ್ತಿತ್ತು. ನನಗೂ ಆಗುತ್ತಿತ್ತು. ಆದರೂ ಬಿಡಲಿಲ್ಲ.

ಮೇಲಿನ ಮನೆಯ ನರ್ಸ್ ಪ್ಯಾಟ್ರಿಷಿಯಾ ಒಂದು ಉಪಾಯ ಹೇಳಿದಳು. ಮೊಳಕೆ ಬರಿಸಿ ಹುರಿದ ಬಾರ್ಲಿಯ ನೀರಿಗೆ ಶುಂಠಿ, ಬೆಲ್ಲ, ಕಹಿಗೆ ಒಂಚೂರು ಕಿರಾತಕಡ್ಡಿ ಹಾಕಿ ಒಂದು ಗಂಟೆ ಕುದಿಸುವುದು, ಸೋಸಿ ತಣ್ಣಗಾದ ಮೇಲೆ ಸೋಡಾ ಬೆರೆಸುವುದು. ಯೀಸ್ಟ್ ಹಾಕಿ ಹುಳಿ ಬರಿಸದಿದ್ದರೆ ಅಮಲಿಲ್ಲ. ನಾಲಿಗೆಗೆ ಮಾತ್ರ ಬಿಯರಿನ ನೆನಪು.

ಮೊದಲ ಸಲ ಐದು ಲೀಟರಿನ ಪಾತ್ರೆಗೆ ನಾಲ್ಕೂವರೆ ಲೀಟರ್ ಹೊಯ್ದೆ. ಕುದಿ ಬಂದದ್ದೇ ತಡ, ನೊರೆ ಉಕ್ಕಿ ಉರಿ ನಂದಿತು, ಒಲೆಯೆಲ್ಲ ಅಂಟು. ಪಾತ್ರೆಯಲ್ಲಿ ಅರ್ಧ ಜಾಗ ನೊರೆಗೇ ಬಿಡಬೇಕೆಂದು ಪ್ಯಾಟ್ರಿಷಿಯಾ ಆಮೇಲೆ ಹೇಳಿದಳು. ಅಂದರೆ ನಾಲ್ಕು ಲೀಟರಿಗೆ ಎಂಟರದ್ದು.

“ಎಂಟು ಲೀಟರಾ? ಎಂಥ ಮಾಡ್ಲಿಕ್ಕೆ ವಸಂತಿಯಕ್ಕ?” ಬ್ಯಾರಿಗಳು ಕನ್ನಡಕದ ಮೇಲಿಂದ ನೋಡಿದರು.

“ಸಾಂಬಾರಿಗೆ.”

“ಮನೆಯಲ್ಲಿ ಇಬ್ಬರೇ ಅಲ್ವಾ ನೀವು?”

“ತಳ ದಪ್ಪ ಇರ್ಲಿ. ಮೇಲೆ ಅರ್ಧ ಖಾಲಿ ಉಳೀಬೇಕು, ನೊರೆಗೆ,” ಎಂದೆ. ಬಾಯಿ ಜಾರಿತ್ತು.

“ಸಾಂಬಾರಿಗೆ ನೊರೆ?” ಅವರ ಮುಖ ಗಂಟಾಯಿತು. “ಸ್ಟಾಕ್ ಖಲಾಸ್ ಅಕ್ಕ.”

ಎಂಟು ಲೀಟರಿನ ಪಾತ್ರೆ ಅವರ ತಲೆಯ ಹಿಂದೆಯೇ ಹೊಳೆಯುತ್ತಿತ್ತು. ನನಗೆ ರೇಗಿತು. ಗಂಡನ ಕುಡಿತ, ಲಿವರು, ಬಾರ್ಲಿ ಎಲ್ಲವನ್ನೂ ಅಂಗಡಿಯಲ್ಲೇ ಒದರಿಬಿಟ್ಟೆ. ಆಮೇಲೆ ನಾಚಿಕೆಯಿಂದ ಕಣ್ಣು ತುಂಬಿತು.

ಬ್ಯಾರಿಗಳು ಪಾತ್ರೆಯನ್ನು ಕಪಾಟಿನಿಂದ ಇಳಿಸಿ ಬದಿಗಿಟ್ಟರು. “ಶುಕ್ರವಾರ ನಮಾಜು ಮುಗಿಸಿ ನಾನೇ ತರ್ತೇನೆ. ನಿಮ್ಮ ಒಲೆಗೆ ಕೂರ್ತದಾ ನೋಡ್ಬೇಕು.”

ನೋಡಬೇಕಾದದ್ದು ಒಲೆಯನ್ನಲ್ಲ ಎಂಬುದು ಗೊತ್ತಾಗದಷ್ಟು ದಡ್ಡಿ ನಾನಲ್ಲ.

ಹೇಳಿದಂತೆ ಬಂದರು. ಪಾತ್ರೆಯನ್ನು ಒಲೆಯ ಮೇಲಿಟ್ಟು ಬಗ್ಗಿ ನೋಡಿದರು. ನಾಲ್ಕು ಲೀಟರ್ ಅಳೆದು ಹೊಯ್ದೆ. ಕುದಿ ಬಂತು, ನೊರೆ ಏರಿತು, ಅಂಚಿಗಿಂತ ಎರಡು ಬೆರಳು ಕೆಳಗೇ ನಿಂತಿತು. ಸೇಸಪ್ಪ ಬಾಗಿಲಿಗೆ ಒರಗಿ ನಿಂತಿದ್ದರು.

“ಯೀಸ್ಟ್ ಉಂಟಾ ಮನೆಯಲ್ಲಿ?” ಬ್ಯಾರಿಗಳು ಕೇಳಿಯೇ ಬಿಟ್ಟರು.

ನನ್ನ ಪಿತ್ತ ನೆತ್ತಿಗೇರಿತು. “ಇಪ್ಪತ್ತು ವರ್ಷದ ಸಂಸಾರದಲ್ಲಿ ಯೀಸ್ಟ್ ತಂದವಳಲ್ಲ ನಾನು. ನೋಡಿ, ಕಣ್ಣಾರೆ ನೋಡಿ,” ಎನ್ನುತ್ತ ಕಪಾಟು ತೆರೆದು ಡಬ್ಬಗಳನ್ನು ಒಂದೊಂದೇ ಇಳಿಸಿದೆ. ಅವಲಕ್ಕಿ, ರವೆ, ಮೈದಾ.

ಮೈದಾ ಡಬ್ಬದ ಹಿಂದೆ ಒಂದು ಚಿಕ್ಕ ಪೊಟ್ಟಣವಿತ್ತು. ಯೀಸ್ಟ್.

ನಾನು ಬ್ಯಾರಿಗಳ ಮುಖ ನೋಡಲಿಲ್ಲ. ಸೇಸಪ್ಪನವರ ಮುಖ ನೋಡಿದೆ. ಬಣ್ಣ ಇಳಿದಿತ್ತು.

“ಹಾಕ್ಲಿಲ್ಲ ವಸಂತಿ,” ಎಂದರು. “ತಂದದ್ದು ಹೌದು. ಮೊನ್ನೆ ಉಕ್ಕಿತಲ್ಲ, ಅದರ ಹಿಂದಿನ ದಿನ. ನಿನಗೆ ಗೊತ್ತಾಗದ ಹಾಗೆ ಸ್ವಲ್ಪ ತೆಗೆದಿಟ್ಟು ಹಾಕುವ ಅಂತಿತ್ತು. ದಿನಾ ರಾತ್ರಿ ಆ ಡಬ್ಬದ ಹತ್ತಿರ ಬರ್ತಿದ್ದೆ. ಹಾಕ್ಲಿಲ್ಲ.”

ಎಂಟು ತಿಂಗಳು ನಾನು ಮೂಸಿದ್ದು ಬಾಯಿಯನ್ನು, ಅವರು ಗುದ್ದಾಡಿದ್ದು ನನ್ನದೇ ಅಡುಗೆಮನೆಯಲ್ಲಿ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು.

ಬ್ಯಾರಿಗಳು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಚು ಹರಿದಿರಲಿಲ್ಲ. ಈಗ ಪಾತ್ರೆಯನ್ನು ಎತ್ತಿಕೊಂಡು ಹೊರಡುತ್ತಾರೆ ಎಂದುಕೊಂಡೆ. ಅವರು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಕುರ್ಚಿ ಎಳೆದು ಕುಳಿತರು.

“ಪಾತ್ರೆ ಇರ್ಲಿ. ಇದು ನನ್ನತ್ರ ಇರ್ಲಿ. ಸೋಸಿ ಅಕ್ಕ, ಮೊದಲ ಲೋಟ ನನಗೆ ಕೊಡಿ.”

ತಣ್ಣಗಾಗುವವರೆಗೂ ಕಾದರು. ಮೂಸಿದರು. ಬಿಸ್ಮಿಲ್ಲಾ ಹೇಳಿ ಪೂರ್ತಿ ಕುಡಿದರು. “ಎಂಥ ಕಹಿ ಮಾರಾಯ್ರೇ,” ಎಂದು ಮುಖ ಹಿಂಡಿದರು. ಆಮೇಲೆ ಇನ್ನೊಂದು ಲೋಟ ತುಂಬಿ, ತಾವೇ ಸೇಸಪ್ಪನವರ ಕೈಗೆ ಕೊಟ್ಟರು.

ಅದಾಗಿ ಏಳು ತಿಂಗಳಾಯಿತು. ಪ್ರತಿ ಶುಕ್ರವಾರ ಬರುತ್ತಾರೆ. ಸಂಶಯ ಹೋಗಿಲ್ಲ, ಈಗಲೂ ಮೂಸಿಯೇ ಕುಡಿಯುತ್ತಾರೆ. ಅವರ ಲೋಟ ಖಾಲಿಯಾಗುವವರೆಗೆ ಸೇಸಪ್ಪ ತಮ್ಮದನ್ನು ಮುಟ್ಟುವುದಿಲ್ಲ, ಫಲಿತಾಂಶಕ್ಕೆ ಕಾದವರ ಹಾಗೆ ಅವರ ಮುಖವನ್ನೇ ನೋಡುತ್ತಾರೆ. ನಾನು ಬಾಯಿ ಮೂಸುವುದನ್ನು ಬಿಟ್ಟಿದ್ದೇನೆ.